ಅಪ್ಪ ಅಮ್ಮನ್ನ ಇಂಗ್ಲೆಂಡ್ ಹಳ್ಳೀಲಿ ಒಂದು ವಾರ ಇರಿಸ್ಬೇಕು: ಬಾರ್ನಾ, ಕಾಟೇಜಾ, ಕ್ಯಾಬಿನ್ನಾ?

ಹಾಸನ್_ರೆಡಿಂಗ್
ಎಲ್ಲರಿಗೂ ನಮಸ್ಕಾರ. ಜೂನ್ ಕೊನೇಲಿ ಅಪ್ಪ ಅಮ್ಮ ಬರ್ತಿದಾರೆ, ಮೊದಲನೇ ಸಲ. ಅಪ್ಪಂಗೆ 71, ಅರಕಲಗೂಡು ಕಡೆ ರಾಗಿ, ಆಲೂಗಡ್ಡೆ, ಒಂದಷ್ಟು ವರ್ಷ ಹೊಗೆಸೊಪ್ಪು ಬೆಳೆದೋರು, ಈಗ ನಾಕು ಹಸು ಇಟ್ಕೊಂಡು ಡೈರಿಗೆ ಹಾಲು ಹಾಕ್ತಾರೆ. ಅಮ್ಮಂಗೆ ಮಂಡಿನೋವು. ಲಂಡನ್ ಎರಡು ದಿನಕ್ಕೆ ಸಾಕಾಗುತ್ತೆ ಅಂತ ನಂಗೆ ಗೊತ್ತು, ಯಾಕಂದ್ರೆ ಟಿಕೆಟ್ ಮಾಡಿದ್ದು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ರೈತರ ಮನೆ ಹೆಂಗಿರುತ್ತಪ್ಪಾ ಅಂತ. ಅದಕ್ಕೇ ಒಂದು ವಾರ ಹಳ್ಳಿ ಕಡೆ ಮನೆ ತಗೊಳ್ಳೋಣ ಅಂತ ಮೂರು ರಾತ್ರಿಯಿಂದ ಹುಡುಕ್ತಾ ಇದೀನಿ, ಎಲ್ಲಾ ಫೋಟೋನೂ ಒಂದೇ ಥರ, ಮರದ ತೊಲೆ, ಬಿಳಿ ಸೋಫಾ, ಹಾಟ್ ಟಬ್. ಬಾರ್ನ್ ಅಂದ್ರೆ ಫಾರ್ಮ್‌ನ ಹಳೇ ಕೊಟ್ಟಿಗೆ, ಕಣಜಾನ ಮನೆ ಮಾಡಿ ಬಾಡಿಗೆಗೆ ಬಿಡೋದು, ಆದ್ರೆ ಯಾವುದು ನಿಜವಾಗ್ಲೂ ಹಳೇ ಕೊಟ್ಟಿಗೆ, ಯಾವುದು ಹೋದ ವರ್ಷ ಕಟ್ಟಿದ್ದು ಅಂತಾನೂ ಗೊತ್ತಾಗ್ತಿಲ್ಲ. ಹೋಗಿ ಬಂದೋರು ದಯವಿಟ್ಟು ಹೇಳಿ. ನಾವು ದೊಡ್ಡೋರು ನಾಕು, ಮಗು ಒಂದು.

ಬೆಂದಕಾಳೂರು_ಲೀಡ್ಸ್
ಸರ್, ಜೂನ್ ಕೊನೆ ಅಂದ್ರೆ ನನ್ನ ಓಟು ಯಾರ್ಕ್‌ಶೈರ್ ಡೇಲ್ಸ್‌ಗೆ, ಅದರಲ್ಲೂ ಸ್ವೇಲ್‌ಡೇಲ್ ಕಣಿವೆ. ಮ್ಯೂಕರ್ ಅಂತ ಒಂದು ಊರಿದೆ, ಅದರ ಹಿಂದಿನ ಹುಲ್ಲುಗಾವಲಲ್ಲಿ ಆಗ ಹೂವು ತುಂಬಿರುತ್ತೆ, ಮಧ್ಯೆ ಹಾಸುಗಲ್ಲಿನ ಕಾಲುದಾರಿ, ಜುಲೈ ಮಧ್ಯಕ್ಕೆ ಹುಲ್ಲು ಕೊಯ್ಯೋಕೆ ಶುರು ಮಾಡ್ತಾರೆ. ಅಲ್ಲಿ ಹೊಲಕ್ಕೊಂದು ಕಲ್ಲಿನ ಕೊಟ್ಟಿಗೆ. ಒಂದೊಂದರಲ್ಲಿ ಮೂರ್ನಾಕು ಹಸು ಚಳಿಗಾಲ ಪೂರ್ತಿ ಕೆಳಗೆ, ಆ ಹೊಲದ ಹುಲ್ಲೇ ಅಟ್ಟದ ಮೇಲೆ, ಗೊಬ್ಬರ ಮತ್ತೆ ಅದೇ ಹೊಲಕ್ಕೆ. ಹುಲ್ಲನ್ನ ಊರಿಗೆ ಹೊರೋ ಬದಲು ಹಸುವನ್ನೇ ಹುಲ್ಲಿನ ಹತ್ರ ಕಟ್ಟಿದ ಲೆಕ್ಕ. ನಿಮ್ಮಪ್ಪಂಗೆ ಇದನ್ನ ಯಾರೂ ವಿವರಿಸೋದೇ ಬೇಡ, ನೋಡಿದ ತಕ್ಷಣ ಗೊತ್ತಾಗುತ್ತೆ.

ಆದ್ರೆ ಒಂದು ಮಾತು. ಆ ಕೊಟ್ಟಿಗೆಗಳನ್ನ ಮನೆ ಮಾಡಿರೋ ಕಡೆ ಮಲಗೋ ರೂಮು ಹುಲ್ಲಿನ ಅಟ್ಟದಲ್ಲೇ ಇರುತ್ತೆ, ಮೆಟ್ಟಿಲು ಕಡಿದು, ತೊಲೆ ತಲೆಗೆ ತಾಗುತ್ತೆ. ಮಂಡಿನೋವಿನೋರಿಗೆ ಕಷ್ಟ.

ಶಿರಸಿ_ಸ್ವಿಂಡನ್
ನಾವು ಹೋದ ವರ್ಷ ಅತ್ತೆ ಮಾವನ್ನ ಕರ್ಕೊಂಡು ಹೋಗಿದ್ವಿ, ಆ ಅನುಭವದಿಂದ ಬರೀತಿದೀನಿ. ಬುಕ್ ಮಾಡೋ ಮುಂಚೆ ಓನರಿಗೆ ಫೋನ್ ಮಾಡಿ ಕೇಳ್ಲೇಬೇಕಾದ್ದು ಸ್ವಲ್ಪ ಇದೆ. ಸ್ನಾನಕ್ಕೆ ಟಬ್ ಒಳಗೆ ಹತ್ತಿ ನಿಲ್ಬೇಕಾ ಇಲ್ಲಾ ನೆಲಮಟ್ಟದ ಶವರ್ ಇದ್ಯಾ, ಇದು ಮೊದಲು. ಬೆಡ್‌ರೂಮ್ ಕೆಳಗಡೆ ಇದ್ಯಾ. ಹೀಟಿಂಗ್ ಬಾಡಿಗೇಲಿ ಸೇರಿದ್ಯಾ, ಯಾಕಂದ್ರೆ ಎಷ್ಟೋ ಹಳ್ಳೀಲಿ ಪೈಪ್ ಗ್ಯಾಸ್ ಇರಲ್ಲ, ಆಯಿಲ್ ಟ್ಯಾಂಕೋ ಸಿಲಿಂಡರೋ ಇರುತ್ತೆ, ಕೆಲವರು ಬೇರೆ ಚಾರ್ಜ್ ಮಾಡ್ತಾರೆ. ಜೂನಲ್ಲಿ ಹೀಟಿಂಗ್ ಯಾಕೆ ಅನ್ಬೇಡಿ, ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಹೊರಗೆ ಬಿಸಿಲಿದ್ರೂ ರಾತ್ರಿ ನಮ್ಮತ್ತೆ ಸ್ವೆಟರ್ ಹಾಕ್ಕೊಂಡೇ ಮಲಗಿದ್ರು.

ಅಡುಗೆಮನೆ ಬಗ್ಗೆ ಇನ್ನೂ ಮುಖ್ಯ. ಬಾರ್ನ್ ಅಂದ್ರೆ ಒಳಗೆಲ್ಲಾ ಬಯಲು, ಕಿಚನ್, ಹಾಲ್, ಊಟದ ಮೇಜು ಎಲ್ಲಾ ಒಂದೇ ಸೂರಿನ ಕೆಳಗೆ, ಸೂರು ಇಪ್ಪತ್ತು ಅಡಿ ಎತ್ತರ. ಮೊದಲನೇ ದಿನ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದೇ ತಡ ಸ್ಮೋಕ್ ಅಲಾರ್ಮ್ ಕೂಗಿ, ಅದು ಮೇಲೆಲ್ಲೋ ತೊಲೆಗೆ ಇದೆ, ಕೈಗೆ ಸಿಗಲ್ಲ, ಮಾವ ಗಾಬರಿಯಾಗಿ ಅಂಗಳಕ್ಕೆ ಬಂದ್ಬಿಟ್ರು. ಒಲೆ ಮೇಲಿನ ಎಕ್ಸ್‌ಟ್ರಾಕ್ಟರ್ ಫ್ಯಾನಿಂದ ಹೊಗೆ ಹೊರಕ್ಕೆ ಹೋಗುತ್ತಾ ಕೇಳಿ. ಆಮೇಲಿಂದ ನಾನು ಮನೇಲೇ ಒಗ್ಗರಣೆ ಮಾಡಿ ಡಬ್ಬೀಲಿ ತಗೊಂಡು ಹೋಗ್ತೀನಿ. ಕೆಲವು ಕಡೆ ಆಗಾ ಒಲೆ ಇರುತ್ತೆ, ಯಾವಾಗ್ಲೂ ಬಿಸಿ ಇರೋ ಕಬ್ಬಿಣದ ದೊಡ್ಡ ಒಲೆ, ಉರಿ ಜಾಸ್ತಿ ಕಮ್ಮಿ ಮಾಡೋಕಾಗಲ್ಲ. ಕುಕ್ಕರ್ ಕೂಗುತ್ತೆ, ಮುಚ್ಚಳ ಎತ್ತಿದ್ರೆ ಕೆಳಗಿರೋ ಬಿಸಿ ತಟ್ಟೆ ಮೇಲೆ ದೋಸೆ ಹೆಂಚು ಕೂಡ ಚೆನ್ನಾಗಿ ಕಾಯುತ್ತೆ, ಆದ್ರೆ ಮುದ್ದೆ ತಿರುವೋಕೆ ಪಾತ್ರೆನ ಅತ್ತಿಂದಿತ್ತ ಸರಿಸ್ತಾ ಇರ್ಬೇಕು. ಆಮೇಲೆ ಸೆಪ್ಟಿಕ್ ಟ್ಯಾಂಕ್, ವೈಪ್ಸ್ ಹಾಕ್ಲೇಬಾರ್ದು, ಎಣ್ಣೆ ಸಿಂಕಿಗೆ ಸುರೀಬಾರ್ದು. ಒಂದು ಮಗ್ ತಗೊಂಡು ಹೋಗಿ, ಅದು ಯಾವ ಕಾಟೇಜಲ್ಲೂ ಸಿಗಲ್ಲ.

ಹಾಸನ್_ರೆಡಿಂಗ್
ಅಕ್ಕ, ಇಷ್ಟೆಲ್ಲಾ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್, ಶವರ್ ವಿಷಯ ನಂಗೆ ಹೊಳೆದೇ ಇರ್ಲಿಲ್ಲ. ಹೋಗಿ ಬರೋ ದಿನ ಶನಿವಾರದಿಂದ ಶನಿವಾರ ಮಾತ್ರಾನಾ? ಬುಧವಾರದಿಂದ ಹಾಕಿದ್ರೆ ಎಲ್ಲೂ ಸಿಗ್ತಿಲ್ಲ.

ಬೆಂದಕಾಳೂರು_ಲೀಡ್ಸ್
ಸಾಮಾನ್ಯವಾಗಿ ಬೇಸಿಗೇಲಿ ಶುಕ್ರವಾರ ಇಲ್ಲಾ ಶನಿವಾರ ಶುರು, ಪೂರ್ತಿ ವಾರ. ಬೇರೆ ಸಮಯದಲ್ಲಿ ಶುಕ್ರ-ಸೋಮ ಮೂರು ರಾತ್ರಿ, ಸೋಮ-ಶುಕ್ರ ನಾಕು ರಾತ್ರಿ ಕೊಡ್ತಾರೆ. ಸಂಜೆ 4ಕ್ಕೆ ಒಳಗೆ, ಬೆಳಿಗ್ಗೆ 10ಕ್ಕೆ ಹೊರಗೆ. ದಾರಿ ವಿಷಯ ನಾನು ಸೇರಿಸ್ತೀನಿ, ಪೋಸ್ಟ್‌ಕೋಡ್ ನಂಬ್ಬೇಡಿ, ಹಳ್ಳೀಲಿ ಒಂದು ಪೋಸ್ಟ್‌ಕೋಡಿಗೆ ನಾಕಾರು ಫಾರ್ಮ್ ಇರ್ತವೆ. ಓನರ್ ಕಳಿಸೋ ದಾರಿ ಪ್ರಿಂಟ್ ತಗೊಳ್ಳಿ, ಅಲ್ಲಿ ಸಿಗ್ನಲ್ ಇರೋ ಗ್ಯಾರಂಟಿ ಇಲ್ಲ. ಒಂದೇ ಗಾಡಿ ಹೋಗೋ ರೋಡು, ಎರಡೂ ಕಡೆ ಬೇಲಿ, ಎದುರಿಗೆ ಟ್ರಾಕ್ಟರ್ ಬಂದ್ರೆ ನೀವೇ ಹಿಂದಕ್ಕೆ ಹೋಗಿ ಜಾಗ ಕೊಡಿ, ಅವರು ಕೆಲಸಕ್ಕೆ ಹೊರಟೋರು, ನಾವು ರಜೆಗೆ ಬಂದೋರು.

ಗದಗ_ಡಾರ್ಸೆಟ್
ನಮಸ್ಕಾರ್ರಿ. ಬಾರ್ನ್ ದೊಡ್ಡದಾತು ಅನಿಸಿದ್ರ ಶೆಫರ್ಡ್ಸ್ ಹಟ್ ನೋಡ್ರಿ, ನಿಮ್ಗ ಐದು ಮಂದಿಗೆ ಸಾಲೂದಿಲ್ಲ ಖರೆ, ಆದ್ರೂ ತಂದೆಯವ್ರಿಗೆ ಒಮ್ಮೆ ತೋರಿಸ್ರಿ. ಕಬ್ಬಿಣದ ಗಾಲಿ ಮ್ಯಾಲೆ ತಗಡಿನ ಗೂಡು, ಒಳಗ ಮೂಲ್ಯಾಗ ಸಣ್ಣ ಒಲಿ. ಈಗ ಅದ್ರಾಗ ಡಬಲ್ ಹಾಸಿಗಿ, ಶವರ್ ಎಲ್ಲಾ ಮಾಡಿ ಬಾಡಿಗಿ ಕೊಡ್ತಾರ, ಆದ್ರ ಮೊದ್ಲ ಅದು ಕುರುಬನ ಮನಿ. ನಮ್ಮ ಡಾರ್ಸೆಟ್, ಆ ಕಡೆ ವಿಲ್ಟ್‌ಶೈರ್ ಸುಣ್ಣಕಲ್ಲಿನ ಗುಡ್ಡದಾಗ ಹಗಲೆಲ್ಲಾ ಕುರಿ ಗುಡ್ಡದ ಮ್ಯಾಲೆ ಮೇಯಿಸಿ ರಾತ್ರಿ ಕೆಳಗ ಉತ್ತೋ ಹೊಲದಾಗ ತಡಿಕಿ ಕಟ್ಟಿ ಕೂಡಸ್ತಿದ್ರು, ಗೊಬ್ಬರ ಬೀಳ್ಲಿ ಅಂತ. ಮರುದಿನ ತಡಿಕಿ ಮುಂದ ಸರಸೂದು. ಮರಿ ಹಾಕೂ ಕಾಲಕ್ಕ ಗಾಲಿ ಗೂಡು ಕುರಿ ಹತ್ರನ ನಿಲ್ಲಸ್ತಿದ್ರು. ಇದನ್ನ ಓದಿದ ದಿವ್ಸ ನಾ ಊರಿಗೆ ಫೋನ್ ಹಚ್ಚಿ ನಮ್ಮ ಅಣ್ಣಗ ಹೇಳ್ದೆ, ನಮ್ಮ ಹೊಲದಾಗೂ ಕುರುಬ್ರನ್ನ ಕರದು ಕುರಿ ನಿಲ್ಲಸ್ತಿದ್ವಿ, ಅವ್ರಿಗೆ ಕಾಳು ರೊಕ್ಕ ಕೊಡ್ತಿದ್ವಿ, ಅದ ಲೆಕ್ಕ ಇದು. ರಾಸಾಯನಿಕ ಗೊಬ್ಬರ ಬಂತು, ಇಲ್ಲೀ ಗೂಡು ಹೊಲದ ಮೂಲ್ಯಾಗ ತುಕ್ಕು ಹಿಡದು ಬಿದ್ವು, ಈಗ ಮತ್ತ ಎಬ್ಬಿಸಿ ಬಣ್ಣ ಹಚ್ಯಾರ.

ಪ್ಲಾನರ್_ತುಮಕೂರು
ನಾನು ಇಲ್ಲಿ ಟೌನ್ ಪ್ಲಾನಿಂಗ್ ಕೆಲಸದಲ್ಲಿದೀನಿ. ನಿಜವಾದ ಹಳೇ ಬಾರ್ನ್ ಹೇಗೆ ಗುರುತು ಹಿಡಿಯೋದು ಅಂತ ಕೇಳಿದ್ರಲ್ಲಾ, ಅದಕ್ಕೆ ಉದ್ದದ ಉತ್ತರ ಕೊಡ್ತೀನಿ, ಯಾಕಂದ್ರೆ ಇದು ನಂಗೆ ತುಂಬಾ ಇಷ್ಟದ ವಿಷಯ.

ಫೋಟೋದಲ್ಲಿ ಗೋಡೆ ಮಧ್ಯೆ ನೆಲದಿಂದ ಸೂರಿನವರೆಗೂ ಒಂದು ದೊಡ್ಡ ಗಾಜು ಇರುತ್ತೆ ನೋಡಿ, ಎಲ್ಲರೂ ಅದನ್ನ ಮಾಡರ್ನ್ ಡಿಸೈನ್ ಅಂದ್ಕೋತಾರೆ. ಅದು ಗಾಡಿ ಬಾಗಿಲು. ಪೈರು ತುಂಬಿದ ಗಾಡಿ ಹಾಗೇ ಒಳಗೆ ಬರೋಕೆ ಅಷ್ಟೆತ್ತರ. ಅದರ ನೇರ ಎದುರು ಗೋಡೇಲಿ ಇನ್ನೊಂದು ಬಾಗಿಲು, ಕೆಲವು ಕಡೆ ಅದು ಚಿಕ್ಕದು, ಖಾಲಿ ಗಾಡಿ ಹೊರಗೆ ಹೋದ್ರೆ ಸಾಕು. ಆ ಎರಡು ಬಾಗಿಲಿನ ಮಧ್ಯದ ಗಟ್ಟಿ ನೆಲಾನೇ ಕಣ. ಇಲ್ಲಿ ಕುಯ್ಲಾದ ಮೇಲೆ ಮಳೆ ನಂಬೋ ಹಾಗಿಲ್ಲ, ನಮ್ಮ ಹಾಗೆ ಬಯಲಲ್ಲಿ ಸಗಣಿ ಸಾರಿಸಿ ಕಣ ಮಾಡೋಕಾಗಲ್ಲ, ಅದಕ್ಕೇ ಕಣಾನ ಸೂರಿನ ಕೆಳಗೆ ತಂದಿದಾರೆ. ಚಳಿಗಾಲ ಪೂರ್ತಿ ಕೋಲಲ್ಲಿ ಬಡಿದು ಕಾಳು ಬಿಡಿಸೋರು, ಎರಡೂ ಬಾಗಿಲು ತೆಗೆದ್ರೆ ಗಾಳಿ ಅಡ್ಡ ಹಾಯುತ್ತೆ, ಆ ಗಾಳಿಗೆ ತೂರೋರು. ಗೋಡೇಲಿ ಉದ್ದಕ್ಕೆ ಸಣ್ಣ ಸೀಳು ಇರ್ತವೆ, ಅವು ಕೋಟೆ ಥರ ಬಾಣ ಬಿಡೋಕೆ ಅಲ್ಲ, ಪೈರಿಗೆ ಗಾಳಿ ಆಡೋಕೆ. ಗೋಡೆ ತುದೀಲಿ ಸೂರಿನ ಹತ್ರ ಒಂದು ತೂತು ಇದ್ರೆ ಅದು ಗೂಬೆಗೆ, ಇಲಿ ಹಿಡೀಲಿ ಅಂತ ಬೇಕಂತಲೇ ಬಿಟ್ಟಿದ್ದು.

ಈ ಬಡಿಯೋ ಕೆಲಸ ಕೂಲಿಯವರ ಚಳಿಗಾಲದ ಅನ್ನ ಆಗಿತ್ತು. ಒಕ್ಕಣೆ ಮಿಷನ್ ಬಂದಾಗ ಅದು ಹೋಯ್ತು. 1830ರಲ್ಲಿ ಕೆಂಟ್‌ನಲ್ಲಿ ಶುರುವಾಗಿ ದಕ್ಷಿಣ ಇಂಗ್ಲೆಂಡ್ ಪೂರ್ತಿ ಕೂಲಿಯವರು ಮಿಷನ್‌ಗಳನ್ನ ಒಡೆದು ಹಾಕಿದ್ರು, ಸ್ವಿಂಗ್ ದಂಗೆ ಅಂತಾರೆ. ಗಲ್ಲಿಗೂ ಹಾಕಿದ್ರು, ನೂರಾರು ಜನರನ್ನ ಆಸ್ಟ್ರೇಲಿಯಾ ಕಡೆಗೆ ಗಡೀಪಾರೂ ಮಾಡಿದ್ರು. ಆ ಸೋಫಾ ಇಟ್ಟಿರೋ ಜಾಗದಲ್ಲಿ ಇಷ್ಟೆಲ್ಲಾ ನಡೆದಿದೆ.

ಆಮೇಲೆ ಹೊಲದಲ್ಲೇ ಕೊಯ್ದು ಒಕ್ಕೋ ಕಂಬೈನ್ ಮಿಷನ್ ಬಂತು, ಅದು ಹಳೇ ಬಾಗಿಲಲ್ಲಿ ಹಿಡಿಯಲ್ಲ. ಕೊಟ್ಟಿಗೆ ಖಾಲಿ ಆಯ್ತು, ಖಾಲಿ ಕಟ್ಟಡ ಸೂರು ಸೋರಿ ಬೀಳುತ್ತೆ. ಕನ್ವರ್ಷನ್, ಅಂದ್ರೆ ಕೊಟ್ಟಿಗೆನ ಮನೆ ಮಾಡೋದು, ಆಗದೇ ಇದ್ದಿದ್ರೆ ಇವುಗಳಲ್ಲಿ ಎಷ್ಟೋ ಇವತ್ತು ಕಲ್ಲಿನ ಗುಡ್ಡೆ ಆಗಿರ್ತಿದ್ವು ಅಂತ ನನ್ನ ನಂಬಿಕೆ.

ಹಾಸನ್_ರೆಡಿಂಗ್
ಸರ್, ಓದಿ ಮೈ ಜುಮ್ ಅಂತು. ನಮ್ಮ ಕಣದಲ್ಲಿ ರೋಣಗಲ್ಲು ಈಗ್ಲೂ ಬಿದ್ದಿದೆ, ಒಕ್ಕಣೆಗೆ ಯಾರೂ ಎಳೆಯಲ್ಲ, ರಾಗಿ ತೆನೆನ ಟಾರ್ ರೋಡ್ ಮೇಲೆ ಹರಡ್ತಾರೆ, ಬಸ್ಸು ಲಾರಿ ಹೋಗ್ತಾ ಒಕ್ಕುತ್ತೆ. ಅಪ್ಪಂಗೆ ಅದು ಇವತ್ತಿಗೂ ಸಹಿಸೋಕಾಗಲ್ಲ, ಅನ್ನದ ಮೇಲೆ ಚಕ್ರ ಹತ್ತಿಸ್ತಾರಲ್ಲಾ ಅಂತ.

ದಾವಣಗೆರೆ_ಮಿಲ್ಟನ್‌ಕೀನ್ಸ್
ಸ್ವಲ್ಪ ಪಕ್ಕದ ಪ್ರಶ್ನೆ. ಇಂಥದೊಂದು ಹಳೇ ಬಾರ್ನ್ ತಗೊಂಡು ನಾವೇ ಕನ್ವರ್ಟ್ ಮಾಡಿ ಬಾಡಿಗೆಗೆ ಬಿಡೋಣ ಅಂತ ನಾವು ಮೂರು ಜನ ಸ್ನೇಹಿತರು ಮಾತಾಡ್ತಿದೀವಿ. ಪ್ಲಾನಿಂಗ್ ಪರ್ಮಿಷನ್ ಬೇಕೇ ಬೇಕಾಗಲ್ಲ, ಕ್ಲಾಸ್ ಕ್ಯೂ ಅಂತ ಇದೆ ಅಂತ ಒಬ್ಬ ಏಜೆಂಟ್ ಹೇಳ್ದ. ನಿಜಾನಾ?

ಪ್ಲಾನರ್_ತುಮಕೂರು
ಅರ್ಧ ನಿಜ. ಕ್ಲಾಸ್ ಕ್ಯೂ ಇರೋದು ಹೌದು, ಕೃಷಿ ಕಟ್ಟಡಾನ ವಾಸದ ಮನೆ ಮಾಡೋಕೆ ಪೂರ್ತಿ ಅರ್ಜಿ ಇಲ್ದೆ ಪ್ರಯರ್ ಅಪ್ರೂವಲ್‌ನಲ್ಲಿ, ಅಂದ್ರೆ ಕೌನ್ಸಿಲ್ ಕೆಲವು ವಿಷಯ ಮಾತ್ರ ನೋಡಿ ಕೊಡೋ ಒಪ್ಪಿಗೇಲಿ, ಮುಗಿಸ್ಬಹುದು. 2024ರ ಮೇನಲ್ಲಿ ಅದನ್ನ ಸಡಿಲ ಮಾಡಿ ಒಂದು ಫಾರ್ಮ್‌ಗೆ 10 ಮನೆವರೆಗೂ, ಒಂದೊಂದು 150 ಚದರ ಮೀಟರ್, ಒಟ್ಟು 1000 ಅಂತ ಮಾಡಿದ್ರು. ಆದ್ರೆ ನ್ಯಾಷನಲ್ ಪಾರ್ಕ್ ಒಳಗೆ ಇದು ಅನ್ವಯ ಆಗಲ್ಲ, ಕಾಟ್ಸ್‌ವೋಲ್ಡ್ಸ್ ಥರದ ಸಂರಕ್ಷಿತ ಭೂದೃಶ್ಯದಲ್ಲೂ ಇಲ್ಲ, ಪಾರಂಪರಿಕ ಅಂತ ಪಟ್ಟೀಲಿರೋ ಲಿಸ್ಟೆಡ್ ಕಟ್ಟಡಕ್ಕೂ ಇಲ್ಲ. ಅಂದ್ರೆ ಫೋಟೋದಲ್ಲಿ ನೀವು ಆಸೆಪಟ್ಟ ಜಾಗದಲ್ಲೆಲ್ಲಾ ಇಲ್ಲ ಅಂತಿಟ್ಕೊಳ್ಳಿ. ಇನ್ನೊಂದು, ಇರೋ ಕಟ್ಟಡ ಮನೆಯ ಭಾರ ತಡೀಬೇಕು. 2016ರಲ್ಲಿ ರಶ್‌ಕ್ಲಿಫ್ ಕಡೆಯ ಒಂದು ಕೇಸಲ್ಲಿ ಹೈಕೋರ್ಟ್ ಹೇಳ್ತು, ಕಂಬ ಸೂರು ಬಿಟ್ಟು ಗೋಡೆ ಎಲ್ಲಾ ಹೊಸದಾಗಿ ಕಟ್ಟೋದಾದ್ರೆ ಅದು ಕನ್ವರ್ಷನ್ ಅಲ್ಲ, ರೀಬಿಲ್ಡ್.

ಆಮೇಲೆ ಬಾವಲಿ. ಬಾವಲಿ ಇದ್ರೆ ಅದರ ಗೂಡು ಕೆಡಿಸೋದು ಅಪರಾಧ, ಖಾಲಿ ಇದ್ದಾಗಲೂ. ಸರ್ವೆ ಮಾಡೋ ಕಾಲ ಸುಮಾರು ಮೇಯಿಂದ ಸೆಪ್ಟೆಂಬರ್, ಅದು ತಪ್ಪಿದ್ರೆ ಒಂದು ವರ್ಷ ಕಾಯ್ಬೇಕು. ಬಾರ್ನ್ ಗೂಬೆ ಮರಿ ಮಾಡಿದ್ರೂ ಹಾಗೇ, ಆ ಸಮಯದಲ್ಲಿ ಕೈ ಹಾಕೋ ಹಾಗಿಲ್ಲ. ನನ್ನ ವೈಯಕ್ತಿಕ ಅಭಿಪ್ರಾಯ ಇದು ಸರಿಯಾದ ಕಾನೂನು, ನಾವು ಬರೋ ಮುಂಚೆ ಅವು ಬಾಡಿಗೆ ಇಲ್ದೆ ಅಲ್ಲಿದ್ವು.

ಟ್ರೂರೋ_ನರ್ಸಕ್ಕ
ನಾನು ಮಂಗಳೂರಿನವಳು, ಕಾರ್ನ್‌ವಾಲ್‌ನಲ್ಲಿ ಆಸ್ಪತ್ರೆ ಕೆಲಸ. ಮಿಲ್ಟನ್ ಕೀನ್ಸ್ ಅಣ್ಣ, ಬೇಜಾರು ಮಾಡ್ಕೊಳ್ಬೇಡಿ, ಒಂದು ಮಾತು ಹೇಳ್ಲೇಬೇಕು. ನಾನು ಇಲ್ಲಿಗೆ ಬಂದಾಗ ಏಳು ತಿಂಗಳು ಮನೆ ಸಿಗ್ಲಿಲ್ಲ. ಚಳಿಗಾಲಕ್ಕೆ ಮಾತ್ರ ಬಾಡಿಗೆ ಕೊಡ್ತಾರೆ, ಈಸ್ಟರ್ ಹತ್ರ ಬಂತು ಅಂದ್ರೆ ಖಾಲಿ ಮಾಡಿ, ವಿಸಿಟರ್ಸ್ ಬರ್ತಾರೆ ಅಂತಾರೆ. ನನ್ನ ಜೊತೆ ಕೆಲಸ ಮಾಡೋ ಹುಡುಗಿ, ಈ ಊರಲ್ಲೇ ಹುಟ್ಟಿದವಳು, ಅವಳ ಅಜ್ಜ ಇದ್ದ ಬೀದೀಲಿ ನವೆಂಬರ್ ರಾತ್ರಿ ಹೋದ್ರೆ ದೀಪ ಇರೋದು ಎರಡು ಮನೇಲಿ.

ಜನ ಸುಮ್ನಿಲ್ಲ. ಇಲ್ಲೇ ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಲ್ಲಿ 2016ರಲ್ಲಿ ವೋಟ್ ಹಾಕಿ 80%ಗಿಂತ ಹೆಚ್ಚು ಜನ ಹೊಸ ಮನೆ ಪೂರ್ತಿ ವಾಸಕ್ಕೇ ಇರ್ಬೇಕು ಅಂದ್ರು. ಯಾರ್ಕ್‌ಶೈರ್ ವ್ಹಿಟ್ಬೀಲೂ 2022ರಲ್ಲಿ 93% ಹಂಗೇ ಹೇಳಿದ್ರು. ಆದ್ರೆ ಸೇಂಟ್ ಐವ್ಸ್ ನಿಯಮ ಹೊಸ ಮನೆಗೆ ಮಾತ್ರ, ಹಳೇ ಕಾಟೇಜ್ ಯಾರು ಬೇಕಾದ್ರೂ ತಗೋಬಹುದು, ತಗೋತಿದಾರೆ.

ದಾವಣಗೆರೆ_ಮಿಲ್ಟನ್‌ಕೀನ್ಸ್
ಅಕ್ಕ ಬೇಜಾರೇನಿಲ್ಲ. ಆದ್ರೆ ನಾವು ಬೀಳೋಕಾಗಿರೋ ಕೊಟ್ಟಿಗೆ ಬಗ್ಗೆ ಮಾತಾಡ್ತಿರೋದು, ಯಾರೋ ಇರೋ ಮನೆ ಬಗ್ಗೆ ಅಲ್ಲ. ಪಕ್ಕದ ಊರಿನ ಪಬ್ಬು, ಅಂಗಡಿ, ಕ್ಲೀನಿಂಗ್ ಮಾಡೋರು, ಎಲ್ಲರಿಗೂ ಬರೋ ಜನದಿಂದಲೇ ದುಡ್ಡು ಅಲ್ವಾ.

ಟ್ರೂರೋ_ನರ್ಸಕ್ಕ
ಆ ಕ್ಲೀನಿಂಗ್ ಮಾಡೋರು ಎಲ್ಲಿರ್ತಾರೆ ಅಣ್ಣ? ಇಲ್ಲಿ ಕೆಲವರು ಮುಕ್ಕಾಲು ಗಂಟೆ ಬಸ್ಸಲ್ಲಿ ಬರ್ತಾರೆ. ಕೊಟ್ಟಿಗೆನ ಮನೆ ಮಾಡಿ, ಬೇಡ ಅನ್ನಲ್ಲ. ವರ್ಷ ಪೂರ್ತಿ ಇರೋ ಒಂದು ಕುಟುಂಬಕ್ಕೆ ಕೊಟ್ರೆ ಆ ಊರಿನ ಶಾಲೆಗೆ ಎರಡು ಮಕ್ಕಳು ಸೇರ್ತಾರೆ.

ಪ್ಲಾನರ್_ತುಮಕೂರು
ಇಬ್ಬರ ಮಾತಲ್ಲೂ ಹುರುಳಿದೆ, ಆದ್ರೆ ನರ್ಸಕ್ಕನ ಮಾತಿಗೆ ನನ್ನ ತೂಕ ಸ್ವಲ್ಪ ಜಾಸ್ತಿ. ಲೆಕ್ಕಾನೂ ಬದಲಾಗಿದೆ, ಸ್ನೇಹಿತರು ಗಮನಿಸಿ. ಹಾಲಿಡೇ ಲೆಟ್‌ಗೆ, ಅಂದ್ರೆ ರಜೆಗೆ ಬರೋರಿಗೆ ಬಾಡಿಗೆ ಕೊಡೋ ಮನೆಗೆ, ಇದ್ದ ವಿಶೇಷ ತೆರಿಗೆ ಸೌಲಭ್ಯ 2025ರ ಏಪ್ರಿಲ್ 6ಕ್ಕೆ ತೆಗೆದಿದಾರೆ. ಅದೇ ತಿಂಗಳಿಂದ ಎರಡನೇ ಮನೆಗೆ ಕೌನ್ಸಿಲ್‌ಗಳು ಡಬಲ್ ಕೌನ್ಸಿಲ್ ಟ್ಯಾಕ್ಸ್, ಅಂದ್ರೆ ಮನೆ ತೆರಿಗೆ, ಹಾಕ್ಬಹುದು. ಅದು ಬೇಡ, ವ್ಯಾಪಾರದ ಕಟ್ಟಡಕ್ಕೆ ಹಾಕೋ ಬಿಸಿನೆಸ್ ರೇಟ್ಸ್ ತೆರಿಗೆಗೆ ಬರ್ತೀವಿ ಅಂದ್ರೆ ವರ್ಷಕ್ಕೆ 140 ರಾತ್ರಿ ಬಾಡಿಗೆಗೆ ಇಟ್ಟಿರ್ಬೇಕು, 70 ರಾತ್ರಿ ನಿಜವಾಗ್ಲೂ ಜನ ಇದ್ದಿರ್ಬೇಕು. ಹಾಸನದ ಸಹೋದರರಿಗೆ ನನ್ನ ಸಲಹೆ ಒಂದೇ, ಓನರ್ ಅದೇ ಫಾರ್ಮ್‌ನಲ್ಲಿ ಇದ್ದು ಇನ್ನೂ ಬೇಸಾಯ ಮಾಡ್ತಿರೋ ಜಾಗ ಹುಡುಕಿ. 2001ರ ಕಾಲುಬಾಯಿ ಜ್ವರ ಬಂದು ಹಳ್ಳಿಗಳೇ ಮುಚ್ಚಿದ ಹಾಗಾದ ಮೇಲೆ ಎಷ್ಟೋ ಕುಟುಂಬಗಳು ಒಂದು ಕೊಟ್ಟಿಗೆನ ಬಾಡಿಗೆಗೆ ಬಿಟ್ಟು ಆ ದುಡ್ಡಲ್ಲೇ ಹಸು ಉಳಿಸ್ಕೊಂಡಿವೆ. ಅಂಥಲ್ಲಿ ನೀವು ಕೊಡೋ ದುಡ್ಡು ಆ ಹೊಲಕ್ಕೇ ಹೋಗುತ್ತೆ.

ಹೋಗೋ ದಾರೀಲಿ ಫ್ಯಾರಿಂಗ್ಡನ್ ಹತ್ರ ಗ್ರೇಟ್ ಕಾಕ್ಸ್‌ವೆಲ್ ಬಾರ್ನ್ ನೋಡಿ, ರೆಡಿಂಗ್‌ನಿಂದ ದೂರ ಇಲ್ಲ. 13ನೇ ಶತಮಾನದ ಕೊನೇದು, ಬ್ಯೂಲಿ ಮಠದ ಸನ್ಯಾಸಿಗಳ ಫಾರ್ಮ್‌ನ ಕಣಜ, ಈಗ ಹಳೇ ಜಾಗಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡ್ಕೊಳುತ್ತೆ. ಕನ್ವರ್ಟ್ ಮಾಡಿಲ್ಲ, ಹಾಗೇ ಇದೆ.

ಶಿರಸಿ_ಸ್ವಿಂಡನ್
ಅದು ನಮ್ಮನೆಯಿಂದ ಇಪ್ಪತ್ತು ನಿಮಿಷ, ಟೈಥ್ ಬಾರ್ನ್ ಅಂತಾರಲ್ವಾ ಅದನ್ನ?

ಪ್ಲಾನರ್_ತುಮಕೂರು
ಹಾಗನ್ನೋರು ಇದಾರೆ, ಆದ್ರೆ ಟೈಥ್ ಅಂದ್ರೆ ಊರವರು ಬೆಳೇಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡೋದು. ಇದು ಮಠದವರ ಸ್ವಂತ ಹೊಲದ ಬೆಳೆ ಇಡೋಕೆ ಕಟ್ಟಿದ್ದು.

ಹಾಸನ್_ರೆಡಿಂಗ್
(ಮೂರು ವಾರದ ನಂತರ)
ಹೋಗಿ ಬಂದ್ವಿ. ಎಲ್ಲರಿಗೂ ಹೇಳ್ಬೇಕು ಅಂತ ಮಗು ಮಲಗಿದ ಮೇಲೆ ಕೂತು ಬರೀತಿದೀನಿ.

ಕೊನೆಗೆ ತಗೊಂಡಿದ್ದು ಗ್ಲಾಸ್ಟರ್‌ಶೈರ್‌ನಲ್ಲಿ ಸೆವರ್ನ್ ನದಿ ಕಡೆ ಒಂದು ಹಾಲಿನ ಫಾರ್ಮ್. ದೊಡ್ಡ ಬಾರ್ನ್ ಅಲ್ಲ, ಅದರ ಪಕ್ಕದ ಹಸು ಕೊಟ್ಟಿಗೆ, ಒಂದೇ ಅಂತಸ್ತು, ಉದ್ದಕ್ಕೆ ರೂಮುಗಳು. ಗೋಡೇಲಿ ಹಸು ಕಟ್ಟೋ ಕಬ್ಬಿಣದ ಬಳೆ ಹಾಗೇ ಬಿಟ್ಟಿದಾರೆ. ಅಪ್ಪ ಬ್ಯಾಗ್ ಇಟ್ಟೋರೇ ಆ ಬಳೆ ಹಿಡಿದು ಎಳೆದು ನೋಡಿದ್ರು, ಗಟ್ಟಿಯಾಗಿದೆ ಅಂದ್ರು. ಅಮ್ಮ ಮಾತ್ರ ಮೊದಲನೇ ರಾತ್ರಿ ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ್ರು, ಇಷ್ಟು ದೂರ ಬಂದು ಕೊಟ್ಟಿಗೇಲಿ ಮಲಗೋದಾ ಅಂತ, ಆಮೇಲೆ ಬಿಸಿನೀರು, ಹಾಸಿಗೆ ಎಲ್ಲಾ ನೋಡಿ ಸಮಾಧಾನ ಆದ್ರು. ರಾತ್ರಿ ಹತ್ತರವರೆಗೂ ಬೆಳಕು, ದೀಪ ಹಚ್ಚೋ ಹೊತ್ತು ಯಾವುದು ಅಂತಾನೇ ಅವರಿಗೆ ತಿಳೀತಿರ್ಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ನೋಡ್ತೀನಿ, ಅಪ್ಪ ಇಲ್ಲ. ಹಾಲು ಕರೆಯೋ ಶೆಡ್‌ನಲ್ಲಿ ಇದಾರೆ, ಫಾರ್ಮ್‌ನ ಯಜಮಾನರ ಪಕ್ಕ, ಮಂಕಿಕ್ಯಾಪ್ ಹಾಕ್ಕೊಂಡು ಕೈ ಹಿಂದೆ ಕಟ್ಕೊಂಡು. ಇಬ್ಬರಿಗೂ ಭಾಷೆ ಇಲ್ಲ. ಅಪ್ಪ ಹಸು ತೋರಿಸಿ ಎಚ್ಚೆಫ್ ಅಂದ್ರಂತೆ, ಹೋಲ್‌ಸ್ಟೀನ್ ಫ್ರೀಷಿಯನ್ ತಳಿಗೆ ನಮ್ಮ ಕಡೆ ಹಾಗನ್ನೋದು, ಅವರು ಹೋಲ್‌ಸ್ಟೀನ್ ಹೋಲ್‌ಸ್ಟೀನ್ ಅಂತ ತಲೆ ಆಡಿಸಿದ್ರಂತೆ. ಕರೆದ ಮೇಲೆ ಮೊಲೆಗೆ ಅಯೋಡಿನ್ ಅದ್ದೋದು ನೋಡಿ ಅಪ್ಪಂಗೆ ಖುಷಿ, ನಮ್ಮ ಡೈರಿ ಡಾಕ್ಟ್ರೂ ಇದನ್ನೇ ಹೇಳೋದು ಅಂತ. ಒಂದು ಹಸುವಿನ ಹಿಂದಿನ ಮೊಲೆ ತೋರಿಸಿ ಕೆಚ್ಚಲುಬಾವು ಬರ್ತಿದೆ ಅಂತ ಕನ್ನಡದಲ್ಲೇ ಹೇಳಿದ್ರು, ಯಜಮಾನರು ಬಗ್ಗಿ ಮುಟ್ಟಿ ನೋಡಿ, ಅಪ್ಪನ ಭುಜ ತಟ್ಟಿ, ಆ ಹಸುನ ಬೇರೆ ಕಡೆ ಹೊಡೆದ್ರು. ನಾನು ಹೋದ ತಕ್ಷಣ ಅಪ್ಪ ತರ್ಜುಮೆ ಮಾಡ್ಸಿದ ಮೊದಲನೇ ಪ್ರಶ್ನೆ, ಲೀಟರಿಗೆ ಎಷ್ಟು ಕೊಡ್ತಾರೆ, ಫೀಡ್ ಖರ್ಚು ಕಳೆದ್ರೆ ಎಷ್ಟು ಉಳಿಯುತ್ತೆ. ಯಜಮಾನರು ಉತ್ತರ ಹೇಳಿ ಉಸಿರುಬಿಟ್ಟ ರೀತಿ, ಅದಕ್ಕೆ ತರ್ಜುಮೆ ಬೇಕಾಗ್ಲಿಲ್ಲ. ಆ ವಾರ ಪೂರ್ತಿ ಅಪ್ಪ ಬೆಳಿಗ್ಗೆ ಅಲ್ಲೇ.

ವಾಪಸ್ ಬರ್ತಾ ಗ್ರೇಟ್ ಕಾಕ್ಸ್‌ವೆಲ್‌ಗೆ ಹೋದ್ವಿ. ನೂರೈವತ್ತು ಅಡಿ ಉದ್ದದ ಕಟ್ಟಡ, ಒಳಗೆ ತಂಪು, ನಾವು ಬಿಟ್ರೆ ಯಾರೂ ಇರ್ಲಿಲ್ಲ. ಓಕ್ ಮರದ ಕಂಬಗಳು ಎತ್ತರದ ಕಲ್ಲಿನ ಮೇಲೆ ನಿಂತಿವೆ. ಅಪ್ಪ ಕಂಬ ಬಿಟ್ಟು ಮೊದಲು ಕಲ್ಲು ನೋಡಿದ್ರು, ನಮ್ಮ ತೊಟ್ಟಿಮನೇಲೂ ಹಿಂಗೇ ಕಲ್ಲು ಕೊಟ್ಟಿದ್ದು, ನೆಲದ ಥಂಡಿ ಮರಕ್ಕೆ ಏರಬಾರ್ದು ಅಂತ, ಅಂದ್ರು. ಪ್ಲಾನರ್ ಸರ್ ಹೇಳಿದ್ದ ಬಾಗಿಲು, ಗಾಳಿ ಎಲ್ಲಾ ಹೇಳ್ದೆ. ಅಪ್ಪ ಬಾಗಿಲ ಹತ್ರ ನಿಂತು ಕೈ ಚಾಚಿ ಗಾಳಿ ಯಾವ ಕಡೆಯಿಂದ ಬರುತ್ತೆ ನೋಡಿದ್ರು, ಮೊರ ಹಿಡಿದೋರು ನಿಲ್ತಾರಲ್ಲಾ ಹಾಗೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ್ರು. ಕಣಕ್ಕೆ ಚಪ್ಪಲಿ ಹಾಕ್ಕೊಂಡು ಹೋಗಬಾರ್ದು ಅಂತ ನಾನು ಚಿಕ್ಕವನಿದ್ದಾಗ ಬೈಸ್ಕೊಂಡಿದ್ದೆ, ಮರೆತೇ ಹೋಗಿತ್ತು, ನಾನೂ ಬಿಚ್ಚಿದೆ, ಮಗೂದೂ ಬಿಚ್ಚಿದೆ.

ಗದಗ_ಡಾರ್ಸೆಟ್
ಓದಿ ಕಣ್ಣಾಗ ನೀರು ಬಂತ್ರಿ. ತಂದೆಯವ್ರಿಗೆ ನನ್ನ ನಮಸ್ಕಾರ ಹೇಳ್ರಿ.

ಟ್ರೂರೋ_ನರ್ಸಕ್ಕ
ಇಂಥ ಜಾಗಕ್ಕೆ ಎಷ್ಟು ಜನ ಬೇಕಾದ್ರೂ ಹೋಗ್ಲಿ. ಅಮ್ಮನ ಮಂಡಿ ಹೇಗಿತ್ತು?

ಹಾಸನ್_ರೆಡಿಂಗ್
ಚೆನ್ನಾಗಿತ್ತು ಅಕ್ಕ, ಮೆಟ್ಟಿಲೇ ಇಲ್ವಲ್ಲಾ. ಒಗ್ಗರಣೆ ಡಬ್ಬೀಲಿ ತಗೊಂಡು ಹೋಗಿದ್ವಿ, ಅಲಾರ್ಮ್ ಕೂಗ್ಲಿಲ್ಲ. ಹೊರಡೋ ದಿನ ಗೆಸ್ಟ್ ಬುಕ್‌ನಲ್ಲಿ ಅಪ್ಪ ಕನ್ನಡದಲ್ಲಿ ಒಂದು ಪುಟ ಬರೆದ್ರು, ಯಜಮಾನರ ಹೆಂಡತಿ ಅದೇನು ಅಂತ ಕೇಳಿ ನನ್ನ ಕೈಲಿ ಕೆಳಗೆ ಇಂಗ್ಲಿಷ್‌ನಲ್ಲಿ ಬರೆಸ್ಕೊಂಡ್ರು. ಅದರಲ್ಲಿ ಅರ್ಧ ಆ ಕೆಚ್ಚಲುಬಾವಿನ ಹಸುಗೆ ಏನು ಮಾಡ್ಬೇಕು ಅಂತಾನೇ ಇತ್ತು.

ದಾವಣಗೆರೆ_ಮಿಲ್ಟನ್‌ಕೀನ್ಸ್
ಬ್ರದರ್, ಆ ಫಾರ್ಮ್ ಹೆಸರು ಮೆಸೇಜ್ ಮಾಡ್ತೀರಾ? ಸೆಪ್ಟೆಂಬರ್‌ಗೆ ನಮ್ಮತ್ತೆ ಬರ್ತಿದಾರೆ, ಅವರಿಗೂ ಮಂಡಿ ಪ್ರಾಬ್ಲಮ್. ಒಂದು ಮೆಟ್ಟಿಲೂ ಇಲ್ಲ ತಾನೇ?

ಹಾಸನ್_ರೆಡಿಂಗ್
ಕಳಿಸಿದೀನಿ ನೋಡಿ. ಮೆಟ್ಟಿಲಿಲ್ಲ, ಬಾಗಿಲಲ್ಲಿ ಒಂದು ಕಲ್ಲಿನ ಹೊಸಲು ಇದೆ, ಮಧ್ಯೆ ಹಸು ತುಳಿದು ತುಳಿದು ಸವೆದಿದೆ, ಮಳೆ ಬಂದಾಗ ಜಾರುತ್ತೆ, ಕೈ ಹಿಡ್ಕೊಂಡು ದಾಟಿಸಿ.